ದೇವರಿಗೇರುವ ಹೂವು ಬಾಯಿಗೇಕೆ ಬೇಡ?

ಕಳೆದ ತಿಂಗಳು ಮೊಮ್ಮಗನೊಂದಿಗೆ ರಾಣೇಬೆನ್ನೂರಿನಿಂದ ಬ್ಯಾಡಗಿಯ ಮಗಳ ಮನೆಗೆ ಹೊರಟಿದ್ದೆ. ಮೋಟೆಬೆನ್ನೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಹುಡುಗ ರಸ್ತೆ ಬದಿಯ ಕಣಗಿಲೆ ಗಿಡದ ಎಲೆ ಕಿತ್ತು, ಪೀಪಿ ಊದಲು ಬಾಯಿಗೆ ಒಯ್ದ. ಕೈಗೊಂದು ಏಟು ಹಾಕಿ ಕಸಿದುಕೊಂಡೆ.

"ಇದರ ಹೂವು ದಿನಾ ದೇವರಿಗೆ ಏರಸ್ತೀಯಲ್ಲ ಅಜ್ಜಾ, ಬಾಯಾಗ ಇಟ್ಟರ ಏನ್ ಆಗ್ತೈತಿ?"

"ವಿಷ ಐತಿ" ಎಂದೆ. ಅಷ್ಟಕ್ಕೇ ಬಿಡುವ ಹುಡುಗನಲ್ಲ. ನಾನೋ ಬಿ.ಕಾಂ. ಓದಿದವನು. ಮಗಳು ವಿಜ್ಞಾನದ ಶಿಕ್ಷಕಿ. ಅವಳ ಹತ್ತಿರ ಕುಳಿತು ಕಲಿತದ್ದನ್ನು ನನ್ನ ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ.

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ. ಅದರಲ್ಲಿ ಕಣ್ಣಿಗೆ ಕಾಣದ ಸೋಡಿಯಂ ಪಂಪುಗಳು. ಒಂದು ಸರದಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಖರ್ಚು, ಎಟಿಪಿ ಎಂಬ ಶಕ್ತಿಯ ಒಂದು ನಾಣ್ಯ. ಈ ಲೆಕ್ಕ ತಪ್ಪಿದರೆ ನರ, ಹೃದಯ ಎರಡೂ ಹಳಿ ತಪ್ಪುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಇದನ್ನು ಕಂಡು 1957ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು 1997ರಲ್ಲಿ. ನಲವತ್ತು ವರ್ಷ! ನಮ್ಮ ಬಡ್ತಿಗಳೂ ಇಷ್ಟು ತಡವಾಗುತ್ತಿರಲಿಲ್ಲ.

ಪಂಪು ಒಂದೇ ತುಂಡಲ್ಲ. ಪ್ರೋಟೀನಿನ ಬೇರೆ ಬೇರೆ ಉಪಘಟಕಗಳು ಕೂಡಿ ಆದದ್ದು. ದೊಡ್ಡದು ಆಲ್ಫಾ. ಅದೇ ಕ್ಯಾಶಿಯರ್, ಕೊಡುವುದು, ತೆಗೆದುಕೊಳ್ಳುವುದು, ನಾಣ್ಯ ಮುರಿಸುವುದು ಎಲ್ಲ ಅದರದೇ. ಬೀಟಾ ಚಿಕ್ಕದು. ಅದು ಸೋಡಿಯಂ ಎಣಿಸುವುದಿಲ್ಲ, ಆದರೆ ಆಲ್ಫಾವನ್ನು ಸರಿಯಾಗಿ ಮಡಿಚಿ, ಪೊರೆಯವರೆಗೆ ಕರೆತಂದು ಕೂಡಿಸುವುದು ಅದೇ. ಬೀಟಾ ಇಲ್ಲದ ಆಲ್ಫಾ ಕೌಂಟರನ್ನೇ ಮುಟ್ಟದು. ನಮ್ಮ ಶಾಖೆಯಲ್ಲೂ ಜವಾನ ಬಂದು ಬಾಗಿಲು ತೆರೆಯುವವರೆಗೆ ಕ್ಯಾಶಿಯರ್ ಬೀದಿಯಲ್ಲೇ ನಿಂತಿರುತ್ತಿದ್ದ! ಮೂತ್ರಪಿಂಡದಂಥ ಕಡೆ ಗಾಮಾ ಎಂಬ ಮೂರನೆಯದೊಂದು ಸೇರಿ ಕೆಲಸದ ವೇಗವನ್ನು ಹಿಡಿತದಲ್ಲಿಡುತ್ತದೆ.

ಕಣಗಿಲೆಯ ವಿಷ ಹೊರಗಿನಿಂದ ಬಂದು ಆಲ್ಫಾಕ್ಕೇ ಅಂಟಿಕೊಳ್ಳುತ್ತದೆ, ಕೌಂಟರಿನ ಕಿಂಡಿಗೆ ಬೆಣೆ ಹೊಡೆದ ಹಾಗೆ. ಹೃದಯದ ಕೋಶದೊಳಗೆ ಸೋಡಿಯಂ ಉಳಿಯುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಏರುತ್ತದೆ, ಬಡಿತದ ತಾಳ ಕೆಡುತ್ತದೆ. ಎಲೆ, ಹೂವು, ಕಡ್ಡಿ, ಎಲ್ಲದರಲ್ಲೂ ವಿಷವಿದೆ. ಹಳದಿ ಕಣಗಿಲೆಯ ಬೀಜವಂತೂ ಇನ್ನೂ ಅಪಾಯ.

ಸೋಜಿಗವೆಂದರೆ, ಹಾವೇರಿಯ ಡಾಕ್ಟರು ನನಗೆ ಬರೆದುಕೊಟ್ಟ ಡಿಗಾಕ್ಸಿನ್ ಗುಳಿಗೆ ಹಿಡಿಯುವುದೂ ಇದೇ ಆಲ್ಫಾವನ್ನು! ಅಳತೆಯಲ್ಲಿದ್ದರೆ ಅದೇ ಕ್ಯಾಲ್ಸಿಯಂ ಸೋತ ಹೃದಯಕ್ಕೆ ಬಲ. ನನಗೆ ವಾರಕ್ಕೆ ಐದೇ ದಿನ. ಅಜ್ಜ-ಅಜ್ಜಿಯರೇ, ಆ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಮಗು ಕಣಗಿಲೆ ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆಟವಾಡಿಕೊಂಡೇ ಇದ್ದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗಿಡದ ಒಂದು ಎಲೆ ಜೊತೆಗಿರಲಿ.

ಮರಳಿ ಬರುವಾಗ ಮೋಟೆಬೆನ್ನೂರಿನಲ್ಲಿ ಹುಡುಗ ಗಿಡದಿಂದ ನಾಲ್ಕು ಮಾರು ದೂರ ನಿಂತಿದ್ದ.

"ಆಡು ಇದನ್ಯಾಕ ತಿನ್ನೂದಿಲ್ಲಜ್ಜಾ?"

"ಭಾಳ ಕಹಿ ಇರ್ತೈತಿ ತಮ್ಮಾ, ಅದಕ್ಕ."

"ನೀ ತಿಂದು ನೋಡೀಯೇನು?"

ಅಷ್ಟರಲ್ಲಿ ಬಸ್ಸು ಬಂತು.