ನಮ್ಮ ಕೆಂಪಿ

ಕ್ರಿ.ಶ. 949ರ ಸುಮಾರಿನಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನು ಮಡಿದು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಜಯ ಲಭಿಸಿದ ತರುವಾಯ, ತನ್ನ ಭಟನಾದ ಮಣಲೆರನ ಶೌರ್ಯವನ್ನು ಮೆಚ್ಚಿ ಗಂಗರ ಇಮ್ಮಡಿ ಬೂತುಗನು ಬೇಕಾದುದನ್ನು ಬೇಡೆಂದಾಗ, ಆ ವೀರನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತ ಆ ಕಾಳಿಗಾಗಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದು ಬರೆಸಿದರು. ಹಂದಿಯ ಮೇಲೆರಗಿದ ನಾಯಿಯ ಶಿಲ್ಪವನ್ನುಳ್ಳ ಆ ಶಿಲೆ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಕೆಂಪಿಯಾದರೋ ಯಾವ ವರಾಹದೊಡನೆಯೂ ಸೆಣಸಿದವಳಲ್ಲ. ಹುಗ್ಲಿ ನದಿಯ ಹೂಳಿನಿಂದ ಜೌಗನ್ನು ತುಂಬಿ ಕಟ್ಟಿದ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಗಾಜಿನ ಕಚೇರಿಗಳು ಒತ್ತಾಗಿ ನಿಂತಿರುವ ಸೆಕ್ಟರ್ ಫೈವ್‌ನ ವೆಬೆಲ್ ಮೋರ್ ಬಳಿ, ಚಹದಂಗಡಿಯ ಒಲೆಯ ಬೂದಿಯಲ್ಲಿ ಮುದುಡಿ ಮಲಗಿದ್ದ ಬೀದಿಯ ಮರಿ ಅವಳು. ನಮ್ಮ ಮನೆಗೆ ಬಂದ ಮೇಲೆ, ಒಗ್ಗರಣೆಯ ಸದ್ದಾದೊಡನೆ ಅಡುಗೆಮನೆಯ ಹೊಸ್ತಿಲಿನ ಮೇಲೆ ಗಲ್ಲವೂರಿ ಕುಳಿತು ಅನ್ನಮೊಸರಿಗಾಗಿ ಕಾಯುವುದೂ, ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಬಂದವರು ನಮ್ಮವರೋ ಅನ್ಯರೋ ಎಂಬುದನ್ನು ಅರಿಯುವುದೂ ಅವಳ ದಿನಚರಿಯಾಗಿದ್ದಿತು. ಬಂಧುಬಳಗವೆಲ್ಲ ದೂರವಿದ್ದ ಆ ಊರಿನಲ್ಲಿ ನಮ್ಮ ಮನೆಯನ್ನು ಮನೆಯಾಗಿಸಿದವಳು ಅವಳೇ ಎಂದರೆ ಅತಿಶಯೋಕ್ತಿಯಲ್ಲ.

ಒಂದು ಮಳೆಗಾಲದ ಮುಂಜಾನೆ ಅವಳ ಮೂಗಿನಿಂದ ತೊಟ್ಟುತೊಟ್ಟಾಗಿ ರಕ್ತ ಒಸರಿತು. ತುಟಿಯೆತ್ತಿ ನೋಡಿದರೆ ಒಸಡುಗಳು ಬಿಳಿಚಿಕೊಂಡಿದ್ದವು, ಹೊಟ್ಟೆಯ ತೆಳುಚರ್ಮದ ಮೇಲೆ ನೇರಳೆ ಬಣ್ಣದ ಚುಕ್ಕೆಗಳೆದ್ದಿದ್ದವು. ವೈದ್ಯರು ಟಿಕ್ ಫೀವರ್ ಎಂದರು. ಉಣುಗು ಕಚ್ಚಿದಾಗ ರಕ್ತವನ್ನು ಸೇರುವ, 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಮೊದಲು ಗುರುತಿಸಲ್ಪಟ್ಟ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ಅದಕ್ಕೆ ಕಾರಣ. ಆರಂಭದ ಜ್ವರವು ತಾನಾಗಿಯೇ ಇಳಿದು, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ನಾಯಿ ಉಂಡು ಆಡಿಕೊಂಡಿರುವಾಗಲೇ ಒಳಗೆ ಅಡಗಿದ್ದು, ಕಡೆಗೆ ಅಸ್ಥಿಮಜ್ಜೆಯನ್ನೇ ಬತ್ತಿಸಿಬಿಡುವುದು ಈ ವ್ಯಾಧಿಯ ಕ್ರೌರ್ಯ. ಮೊದಲ ಹಂತದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಬಹುಪಾಲು ನಾಯಿಗಳು ಗುಣವಾಗುತ್ತವೆ. ಮಜ್ಜೆಯೇ ಸೋತ ಮೇಲೆ ಔಷಧಕ್ಕೆ ಹಿಡಿತ ಸಿಕ್ಕುವುದು ದುರ್ಲಭ. ಕೆಂಪಿಯ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಹೆಚ್ಚು ಉಳಿದಿರಲಿಲ್ಲ.

ಆ ದಿನಗಳಲ್ಲಿ ಅವಳು ಬೇಡಿದುದು ಒಂದನ್ನೇ: ಹಣೆಯ ಮೇಲೆ ಒಂದು ಕೈ. ಕೈ ತೆಗೆದೊಡನೆ ಕಣ್ಣು ತೆರೆಯುವಳು. ಮತ್ತೆ ಇಟ್ಟರೆ ಉಸಿರು ನಿಧಾನವಾಗುವುದು. ಸೂಜಿ ಚುಚ್ಚುವವರ ಕೈಯನ್ನೂ ನೆಕ್ಕಿದಳೇ ಹೊರತು ಒಮ್ಮೆಯೂ ಗುರುಗುಟ್ಟಲಿಲ್ಲ. ರವೀಂದ್ರನಾಥ ಠಾಕೂರರು ತಮ್ಮ ಜೀವಿತದ ಕೊನೆಯ ವರ್ಷವಾದ 1941ರಲ್ಲಿ, ಸ್ವತಃ ರೋಗಪೀಡಿತರಾಗಿದ್ದಾಗ ಹೊರಬಂದ 'ಆರೋಗ್ಯ' ಸಂಕಲನದಲ್ಲಿ, ಪ್ರತಿದಿನ ಬೆಳಗ್ಗೆ ತಮ್ಮ ಆಸನದ ಬಳಿ ಕುಳಿತು ಕೈಯ ಸ್ಪರ್ಶಕ್ಕಾಗಿ ಕಾಯುತ್ತಿದ್ದ ನಾಯಿಯೊಂದನ್ನು ಕುರಿತು ಕವಿತೆ ಬರೆದಿದ್ದಾರೆ. ಅದನ್ನು ನಾನು ಓದಿದುದು ಕೆಂಪಿ ತೀರಿಕೊಂಡ ಮೇಲೆ. ಹಂದಿಯನ್ನು ಕೊಂದ ಕಾಳಿಯ ಪರಾಕ್ರಮ ದೊಡ್ಡದು, ನಿಜ. ಆದರೆ ನೋವಿನ ನಡುವೆಯೂ ತನ್ನವರಲ್ಲಿಟ್ಟ ವಿಶ್ವಾಸವನ್ನು ಕಿಂಚಿತ್ತೂ ಸಡಿಲಿಸದೆ ಸತ್ತ ಜೀವವು ಶಾಸನಕ್ಕೆ ಅದಕ್ಕಿಂತ ಕಡಿಮೆ ಅರ್ಹವೆಂದು ನನಗೆ ತೋರುವುದಿಲ್ಲ.

ಸೆಕ್ಟರ್ ಫೈವ್‌ನಲ್ಲಿ ಶನಿವಾರ ಭಾನುವಾರಗಳಂದು ಕಚೇರಿಗಳು ಮುಚ್ಚಿ, ಚಹದಂಗಡಿಗಳೂ ಬಹುಮಟ್ಟಿಗೆ ಬಾಗಿಲೆಳೆದಾಗ, ಬಿಸ್ಕತ್ತನ್ನೇ ನಂಬಿದ ಬೀದಿನಾಯಿಗಳು ಹಸಿದಿರುತ್ತವೆ. ನನ್ನ ಮಡದಿ ಈಗ ಅವುಗಳಿಗೆ ಅನ್ನ ಒಯ್ಯುತ್ತಾಳೆ. ಅವು ಉಣ್ಣುವಷ್ಟರಲ್ಲಿ ನಾವಿಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು, ಕಿವಿಯ ಮಡಿಕೆಗಳನ್ನೂ ಕಾಲ್ಬೆರಳ ಸಂದುಗಳನ್ನೂ ಬಿಡಿಸಿ ನೋಡಿ, ಸಿಕ್ಕ ಉಣುಗುಗಳನ್ನು ಚಿಮಟಿಗೆಯಿಂದ ಬುಡಸಮೇತ ಕಿತ್ತು ಸ್ಪಿರಿಟ್ಟಿನ ಶೀಸೆಯಲ್ಲಿ ಹಾಕುತ್ತೇವೆ. ಚಹದಂಗಡಿಯ ದಾದಾ ಬಂದಿದ್ದರೆ ಮರಿಗಳನ್ನು ಹಿಡಿದುಕೊಡುತ್ತಾರೆ.