ಬಾಣಂತಿಯ ಬೇನೆ, ಪಿತ್ತಕೋಶದ ಹರಳು

ಕಲಬುರಗಿ ಜಿಲ್ಲೆಯ ಭಂಕೂರದ ಸುತ್ತಲಿನ ನೆಲ ಕಲ್ಲಿನ ನೆಲ. ಶಹಾಬಾದಿನ ಹೆಸರನ್ನು ಹೊತ್ತು ದೂರದೂರದ ಊರುಗಳ ಮನೆಯಂಗಳವನ್ನು ಸೇರುವ ಫರಸಿಯು ಇಲ್ಲಿನ ಖಣಿಗಳಿಂದಲೇ ಏಳುತ್ತದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳು ಇದೇ ಸುಣ್ಣದ ಶಿಲೆಯನ್ನು ಅರೆದು ಸುಟ್ಟು ನಡೆಯುತ್ತವೆ. ಬೋರಿನ ನೀರನ್ನು ನಾಲ್ಕು ದಿನ ಕಾಯಿಸಿದರೆ ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಇಂಥ ಸೀಮೆಯಲ್ಲಿ, ಹೆರಿಗೆಯಾಗಿ ತಿಂಗಳೆರಡು ತಿಂಗಳು ಕಳೆದಿರುವ ಬಾಣಂತಿಯೊಬ್ಬಳ ಹೊಟ್ಟೆಯಲ್ಲಿ ಹರಳುಗಳಿವೆಯೆಂದು ಸ್ಕ್ಯಾನಿಂಗಿನ ವರದಿ ಹೇಳಿದಾಗ, ಮನೆಯವರೆಲ್ಲರೂ ಮೊದಲು ನೀರನ್ನೇ ದೂರುವುದು ಸಹಜವೇ ಸರಿ. ಆದರೆ ಪಿತ್ತಕೋಶದ ಹರಳಿಗೂ ಕುಡಿಯುವ ನೀರಿನ ಸುಣ್ಣಕ್ಕೂ ಸಂಬಂಧವಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ತಾಯಂದಿರ ಚಿಕಿತ್ಸೆ ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತಿರುವುದರಿಂದ ಅದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಯಕೃತ್ತು ಸ್ರವಿಸುವ ಪಿತ್ತರಸವು ಅದರ ಕೆಳಗೆ ಅಂಟಿಕೊಂಡಿರುವ ಪಿತ್ತಕೋಶವೆಂಬ ಚಿಕ್ಕ ಚೀಲದಲ್ಲಿ ಸಂಗ್ರಹವಾಗಿದ್ದು, ಜಿಡ್ಡಿನ ಆಹಾರವು ಕರುಳಿಗೆ ಇಳಿದಾಗ ಆ ಚೀಲ ಸಂಕುಚಿಸಿ ರಸವನ್ನು ಹೊರದೂಡುತ್ತದೆ. ಗರ್ಭಧಾರಣೆಯ ಕಾಲದಲ್ಲಿ ಈಸ್ಟ್ರೋಜನ್ನಿನ ಪ್ರಭಾವದಿಂದ ಪಿತ್ತರಸದಲ್ಲಿ ಕೊಲೆಸ್ಟರಾಲಿನ ಅಂಶ ಹೆಚ್ಚುತ್ತದೆ. ಪ್ರೊಜೆಸ್ಟರಾನಿನ ಪ್ರಭಾವದಿಂದ ಪಿತ್ತಕೋಶದ ಸ್ನಾಯುಗಳು ಸಡಿಲಗೊಂಡು ಚೀಲವು ಪೂರ್ತಿಯಾಗಿ ಬರಿದಾಗದೆ ಉಳಿಯುತ್ತದೆ. ಗಟ್ಟಿ ಪಾಕವನ್ನು ಕದಲಿಸದೆ ಇಟ್ಟರೆ ಕಲ್ಲುಸಕ್ಕರೆ ಕಟ್ಟುವಂತೆ, ನಿಂತ ಪಿತ್ತದಲ್ಲಿ ಮೊದಲು ಕೆಸರು, ಅನಂತರ ಹರಳು ಕಟ್ಟತೊಡಗುತ್ತದೆ. ಹೆರಿಗೆಯ ತರುವಾಯ ಹಾರ್ಮೋನುಗಳು ಇಳಿದು ಪಿತ್ತಕೋಶವು ತನ್ನ ಹಳೆಯ ಬಲದಿಂದ ಸಂಕುಚಿಸಲಾರಂಭಿಸಿದಾಗ ಹಲವರಲ್ಲಿ ಆ ಕೆಸರು ತಾನಾಗಿಯೇ ಕರಗಿ ಹೋಗುವುದುಂಟು. ಆದರೆ ಗಟ್ಟಿಯಾದ ಹರಳೊಂದು ಉಳಿದಿದ್ದರೆ, ಅದೇ ಸಂಕೋಚನವು ಅದನ್ನು ಚೀಲದ ಕೊರಳಿಗೆ ತಳ್ಳಿ ಸಿಕ್ಕಿಸಬಹುದು. ಒಂಬತ್ತು ತಿಂಗಳು ಸುಮ್ಮನಿದ್ದ ಹೊಟ್ಟೆ ಮಗು ಮಡಿಲಿಗೆ ಬಂದ ಮೇಲೆ ಬೇಯತೊಡಗುವುದು ಈ ಕಾರಣದಿಂದ.

ಬಾಣಂತನದ ಊಟವೂ ಇದಕ್ಕೆ ಒದಗಿ ಬರುತ್ತದೆ. ತವರಿನವರು ಪ್ರೀತಿಯಿಂದ ಕಟ್ಟಿಕೊಡುವ ಅಂಟಿನ ಉಂಡಿ, ಒಣಕೊಬ್ಬರಿ, ಬಿಸಿ ಅನ್ನದ ಮೇಲೆ ಸುರಿಯುವ ತುಪ್ಪ, ಇವೆಲ್ಲ ಪಿತ್ತಕೋಶವು ಬಲವಾಗಿ ಸಂಕುಚಿಸುವಂತೆ ಮಾಡುವ ಪದಾರ್ಥಗಳು. ರಾತ್ರಿ ಉಂಡು, ಮಗುವಿಗೆ ಹಾಲೂಡಿಸಿ, ಆಗಷ್ಟೇ ಕಣ್ಣು ಮುಚ್ಚಿದವಳಿಗೆ ಎದೆಗೂಡಿನ ಕೆಳಗೆ, ನಡುವೆಯೋ ಬಲಕ್ಕೋ, ಒತ್ತಿ ಹಿಡಿದಂಥ ನೋವು ಏಳುತ್ತದೆ, ಅದು ಬಲ ಹೆಗಲಿನ ಹಲಗೆಗೆ, ಬೆನ್ನಿಗೆ ಹರಡುತ್ತದೆ, ಕೂತರೂ ಮಲಗಿದರೂ ಅಡ್ಡಾಡಿದರೂ ತಗ್ಗುವುದಿಲ್ಲ, ವಾಂತಿಯಾಗುತ್ತದೆ, ಬೆವರುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಹೀಗೆ ಹಿಂಡಿ, ಬಂದಂತೆಯೇ ಇಳಿದುಹೋಗುತ್ತದೆ. "ವಾಯು ಹಿಡದಾದವ್ವಾ, ಅಜವಾನ ತಿಂದು ಬಿಸಿನೀರು ಕುಡಿ" ಎಂದು ಅವ್ವ ಹೇಳುತ್ತಾಳೆ. ನೋವು ಇಳಿಯುವ ಹೊತ್ತಿಗೆ ಅಜವಾನಕ್ಕೆ ಯಶಸ್ಸು ಸಲ್ಲುತ್ತದೆ. ವಾಯುವಿನ ನೋವಾದರೆ ಸ್ಥಳ ಬದಲಿಸುತ್ತ, ತೇಗು ಬಂದರೆ ಹಗುರಾಗುತ್ತದೆ. ಒಂದೇ ಕಡೆ ನಿಂತು, ಊಟದ ನಂತರ ಮತ್ತೆ ಮತ್ತೆ ಬರುವ ನೋವಿಗೆ ಒಂದು ಅಲ್ಟ್ರಾಸೌಂಡ್ ಪರೀಕ್ಷೆ ಆಗಲೇಬೇಕು. ಆ ಪರೀಕ್ಷೆಯಿಂದ ಎದೆಹಾಲಿಗೆ ಯಾವ ಬಾಧೆಯೂ ಇಲ್ಲ.

ಮನೆಯಲ್ಲಿ ಕಾಯಬಾರದ ಸಂದರ್ಭಗಳೂ ಉಂಟು. ನೋವು ಐದಾರು ಗಂಟೆ ಕಳೆದರೂ ಇಳಿಯದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರವು ಕಡುಬಣ್ಣಕ್ಕೆ ತಿರುಗಿದರೆ, ಹರಳು ಪಿತ್ತನಾಳಕ್ಕೆ ಜಾರಿರಬಹುದು, ಕೋಶಕ್ಕೆ ಸೋಂಕು ತಗುಲಿರಬಹುದು, ಮೇದೋಜೀರಕ ಗ್ರಂಥಿಯೇ ಉರಿಯೂತಕ್ಕೆ ಒಳಗಾಗಿರಬಹುದು. ನಮ್ಮ ಕಡೆ ಕಣ್ಣು ಹಳದಿಯಾದೊಡನೆ ಕಾಮಣಿ ಎಂದು ಬಗೆದು ನಾಟಿ ಔಷಧಿ ಕುಡಿಸುವ, ಕೈಗೆ ಬರೆ ಹಾಕಿಸುವ ರೂಢಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ನಾಳವು ಹರಳಿನಿಂದ ಕಟ್ಟಿಕೊಂಡ ಕಾಮಣಿಯನ್ನು ಯಾವ ಬೇರಿನ ರಸವೂ ಬಿಡಿಸಲಾರದು. ಹೀಗೆ ಕಳೆಯುವ ಒಂದೊಂದು ದಿನವೂ ಆ ತಾಯಿಯ ಜೀವಕ್ಕೆ ಅಪಾಯಕರ. ಬಾಯಿಯ ಮೂಲಕ ದುರ್ಬೀನನ್ನು ಇಳಿಸಿ ನಾಳದಲ್ಲಿರುವ ಹರಳನ್ನು ತೆಗೆಯುವ ಇಆರ್‌ಸಿಪಿ ಎಂಬ ವಿಧಾನವಿದ್ದು, ಅದರ ಸೌಲಭ್ಯವಿರುವ ಆಸ್ಪತ್ರೆಗೇ ಆಗ ಹೋಗಬೇಕಾಗುತ್ತದೆ.

ಮೂತ್ರಪಿಂಡದ ಹರಳಿಗೆ ಹೇಳುವ ಮದ್ದನ್ನೇ ಇದಕ್ಕೂ ಹೇಳುವವರು ಬಹಳ. ಹುರುಳಿಯ ಕಟ್ಟು, ಬಾಳೆದಿಂಡಿನ ರಸ, ಕೊಡಗಟ್ಟಲೆ ನೀರು: ಮೂತ್ರದ ಹಾದಿಗೂ ಪಿತ್ತದ ಹಾದಿಗೂ ಕೂಡುದಾರಿಯೇ ಇಲ್ಲದಿರುವಾಗ ಇವುಗಳಿಂದ ಪಿತ್ತಕೋಶದ ಹರಳು ಹೊರಬೀಳುವ ಬಗೆ ಎಂತು? ಹರಳನ್ನು ಕರಗಿಸುವ ಮಾತ್ರೆಯೇನೋ ಉಂಟು. ಆದರೆ ಅದು ಚಿಕ್ಕ ಕೊಲೆಸ್ಟರಾಲ್ ಹರಳುಗಳ ಮೇಲೆ ಮಾತ್ರ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ, ನಿಲ್ಲಿಸಿದ ಮೇಲೆ ಹರಳು ಮರಳಿ ಕಟ್ಟುವುದು ಸಾಮಾನ್ಯ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ನೋವೇ ಇಲ್ಲದೆ, ಬೇರಾವುದೋ ಪರೀಕ್ಷೆಯಲ್ಲಿ ಕಂಡುಬಂದ ಹರಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ನೋವು ಬಂದುಹೋದವರಲ್ಲಿ ಅದು ಮರಳಿ ಬರುವ ಸಂಭವ ಹೆಚ್ಚಾದುದರಿಂದಲೇ ಅವರಿಗೆ ಪಿತ್ತಕೋಶವನ್ನು ತೆಗೆಯುವ ಸಲಹೆ ದೊರೆಯುತ್ತದೆ.

ಆಪರೇಷನ್ ಎಂದೊಡನೆ ಹಿರಿಯರು ಬೆಚ್ಚುವುದಕ್ಕೆ ಚರಿತ್ರೆಯ ಕಾರಣವಿದೆ. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶವನ್ನು ಛೇದಿಸಿ ತೆಗೆದಂದಿನಿಂದ ಒಂದು ಶತಮಾನದ ಕಾಲ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯುವುದೇ ಪದ್ಧತಿಯಾಗಿತ್ತು. ಅಜ್ಜಿಯರ ನೆನಪಿನಲ್ಲಿರುವುದು ಆ ಗಾಯ, ಆ ವಾರಗಟ್ಟಲೆಯ ಮಂಚ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ಅದೇ ಕೆಲಸವನ್ನು ಸಾಧಿಸಿದರು; 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಅವರು ಅದನ್ನು ಭಾರತಕ್ಕೆ ತಂದರು. ಇಂದು ಬಹುಪಾಲು ಜನ ಒಂದೆರಡು ದಿನಗಳಲ್ಲಿ ಮನೆ ಸೇರುತ್ತಾರೆ. ಪಿತ್ತನಾಳಕ್ಕೆ ಪೆಟ್ಟಾಗುವ ಅಪಾಯವು ಸಾವಿರಕ್ಕೆ ಮೂರರಿಂದ ಐದರಷ್ಟು ಇದೆಯೆಂಬುದನ್ನೂ ಮುಚ್ಚಿಡಬಾರದು. ಆದುದರಿಂದಲೇ ಈ ಚಿಕಿತ್ಸೆಯನ್ನು ನಿತ್ಯವೂ ಮಾಡುವ ಕೈಗಳನ್ನು ಹುಡುಕಬೇಕು. ತೆಗೆದ ಹರಳುಗಳನ್ನು ಪುಟ್ಟ ಡಬ್ಬಿಯೊಂದರಲ್ಲಿ ಹಾಕಿ ಮನೆಯವರ ಕೈಗೆ ಕೊಡುವ ರೂಢಿ ಅನೇಕ ಆಸ್ಪತ್ರೆಗಳಲ್ಲಿದೆ. ಹಳದಿಗಂದು ಬಣ್ಣದ, ಒಂದಕ್ಕೊಂದು ಒತ್ತಿ ಮುಖ ಮುಖವಾಗಿ ಸವೆದ ಆ ತುಣುಕುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ ಅವ್ವ ಆಮೇಲೆ ವಾಯುವಿನ ಮಾತನ್ನು ಎತ್ತುವುದಿಲ್ಲ.

ಆದರೂ ಬಾಣಂತಿಯ ನಿರ್ಧಾರವನ್ನು ಎಲ್ಲಕ್ಕಿಂತ ಹೆಚ್ಚು ತಡೆಯುವುದು ಗಾಯದ ಭಯವಲ್ಲ, ಹಾಲಿನ ಚಿಂತೆ. "ಕೂಸಿಗೆ ಹಾಲು ಬಿಡಿಸಬೇಕಾಗ್ತದ, ವರ್ಷ ತುಂಬಲಿ" ಎಂದು ಮನೆಯವರು ಮುಂದೂಡುತ್ತಾರೆ. ಅವಳೂ ಹಲ್ಲು ಕಚ್ಚಿ ಸಹಿಸುತ್ತಾಳೆ. ಇದು ಅನಾವಶ್ಯಕವಾದ ತಪಸ್ಸು. ಅರಿವಳಿಕೆಯಿಂದ ಪೂರ್ಣವಾಗಿ ಎಚ್ಚೆತ್ತು, ಮಗುವನ್ನು ಹಿಡಿದುಕೊಳ್ಳುವಷ್ಟು ಚೇತರಿಸಿಕೊಂಡ ಕೂಡಲೇ ತಾಯಿ ಹಾಲೂಡಿಸಬಹುದು. ಆ ಹಾಲನ್ನು ಹಿಂಡಿ ಚೆಲ್ಲಬೇಕಾದುದಿಲ್ಲ. ಒಳಗೆ ಹೋಗುವ ಮುನ್ನ ಒಮ್ಮೆ ಊಡಿಸಿ, ಒಂದೆರಡು ಹೊತ್ತಿನ ಹಾಲನ್ನು ಶುಚಿಯಾದ ಪಾತ್ರೆಯಲ್ಲಿ ಹಿಂಡಿಟ್ಟು, ಅಜ್ಜಿಯನ್ನೋ ಅಕ್ಕನನ್ನೋ ಮಗುವಿನೊಡನೆ ವಾರ್ಡಿನಲ್ಲಿಯೇ ಇರಿಸಿಕೊಂಡರೆ ಆ ದಿನ ಕಳೆಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳು ಹಾಲೂಡಿಸುವವರಿಗೆ ಸಾಮಾನ್ಯವಾಗಿ ಸಲ್ಲುತ್ತವೆ. ಕೊಡೀನ್, ಟ್ರಮಡಾಲ್‌ಗಳನ್ನು ದೂರವಿಡುವುದು ಲೇಸು. "ನಾನು ಹಾಲು ಕೊಡ್ತೀನ್ರಿ" ಎಂಬ ಮಾತನ್ನು ಅವಳು ಶಸ್ತ್ರವೈದ್ಯರಿಗೂ ಅರಿವಳಿಕೆಯವರಿಗೂ ಬೇರೆಬೇರೆಯಾಗಿ ಹೇಳಬೇಕು; ಸಿಸೇರಿಯನ್ ಆಗಿದ್ದರೆ ಅದನ್ನೂ ಹೇಳಬೇಕು.

ತೀರ್ಮಾನವನ್ನು ನಡುರಾತ್ರಿಯ ನೋವಿನಲ್ಲಿ ಮಾಡದೆ, ಎರಡು ನೋವುಗಳ ನಡುವಿನ ನೆಮ್ಮದಿಯ ದಿನದಲ್ಲಿ, ಅವಳನ್ನೇ ಮುಂದೆ ಕೂರಿಸಿಕೊಂಡು ಮಾಡಬೇಕು. ಗಂಡನೂ ಮಾವನೂ ಹೊರಗೆ ನಿಂತು ದಿನಾಂಕ ಗೊತ್ತು ಮಾಡಿ ಅವಳಿಗೆ ಕೊನೆಗೆ ತಿಳಿಸುವುದು ನ್ಯಾಯವಲ್ಲ. ಸೋಂಕು ತಗುಲಿದ ಪಿತ್ತಕೋಶವಾದರೆ ಕಾಯದೆ, ಆಸ್ಪತ್ರೆಗೆ ಸೇರಿದಾಗಲೇ ಆಪರೇಷನ್ ಮುಗಿಸುವುದು ಈಗಿನ ವೈದ್ಯಕೀಯ ಮತ. ಶಹಾಬಾದ್, ಭಂಕೂರದವರಿಗೆ ಕಲಬುರಗಿ ಹತ್ತಿರ. ಸೇಡಂ, ಚಿಂಚೋಳಿಯವರು ಹೈದರಾಬಾದಿನತ್ತಲೂ ನೋಡುತ್ತಾರೆ. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಜಿಮ್ಸ್ ಇದೆ, ಬಸವೇಶ್ವರ ಆಸ್ಪತ್ರೆಯಿದೆ. ಕಾರ್ಖಾನೆಯ ಇಎಸ್‌ಐ ಕಾರ್ಡಿರುವ ಕುಟುಂಬಗಳಿಗೆ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯುಂಟು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಅವಕಾಶವಿದ್ದು, ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ದಿನಾಂಕ ಬರುವವರೆಗೆ ತುಪ್ಪ, ಕೊಬ್ಬರಿ, ಕರಿದ ತಿಂಡಿಗಳನ್ನು ತಗ್ಗಿಸಬೇಕೇ ಹೊರತು ಉಪವಾಸ ಬೀಳಬಾರದು. ತೂಕವು ಒಮ್ಮೆಲೇ ಇಳಿದರೆ ಹರಳು ಮತ್ತಷ್ಟು ಕಟ್ಟುತ್ತದೆ, ಮೇಲಾಗಿ ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಜೋಳದ ರೊಟ್ಟಿ, ತೊಗರಿಬೇಳೆ, ಎಣ್ಣೆ ಕಡಿಮೆ ಹಾಕಿದ ಪುಂಡಿಪಲ್ಯ, ಮಜ್ಜಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಹೊತ್ತು ಉಣ್ಣುವುದು ಹಿತ. ಪಿತ್ತಕೋಶ ಹೋದ ಮೇಲೆ ಪಿತ್ತವು ಯಕೃತ್ತಿನಿಂದ ನೇರವಾಗಿ ಕರುಳಿಗಿಳಿಯುವುದರಿಂದ ಕೆಲವರಿಗೆ ಕೆಲಕಾಲ ಭೇದಿಯಾಗಬಹುದಾದರೂ, ಕೆಲವು ವಾರಗಳಲ್ಲಿ ಹೆಚ್ಚಿನವರು ಎಂದಿನ ಊಟಕ್ಕೆ ಮರಳುತ್ತಾರೆ. ಹಳೆಯ ನೋವೇ ಮರುಕಳಿಸಿದರೆ, ಇಲ್ಲವೆ ಕಣ್ಣು ಹಳದಿಯಾದರೆ, ನಾಳದಲ್ಲಿ ಹರಳೊಂದು ಉಳಿದಿರಬಹುದು. ಆಗ ಡಿಸ್ಚಾರ್ಜಿನ ಕಾಗದಗಳನ್ನು ಕೈಯಲ್ಲಿ ಹಿಡಿದು ಅದೇ ವೈದ್ಯರ ಬಳಿಗೆ ಹೋಗಬೇಕು.