ಮೊದಲ ಮಹಾಯುದ್ಧ: ಯೋಧರ ಧರ್ಮದ ಲೆಕ್ಕ ಕೇಳಿದ್ದ ಜರ್ಮನಿ, ಏನಿದು 1916ರ 'ಯಹೂದಿ ಗಣತಿ'?

ಜರ್ಮನಿಯಲ್ಲಿ ಯಹೂದಿ ದ್ವೇಷ ಎಂದ ಕೂಡಲೇ ನೆನಪಾಗುವುದು ಹಿಟ್ಲರ್ ಮತ್ತು ಎರಡನೇ ಮಹಾಯುದ್ಧ. ಆದರೆ ಹಿಟ್ಲರ್ ಅಧಿಕಾರಕ್ಕೆ ಬರುವ 16 ವರ್ಷ ಮೊದಲೇ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಜರ್ಮನ್ ಸೇನೆ ತನ್ನದೇ ಯಹೂದಿ ಯೋಧರನ್ನು ಪ್ರತ್ಯೇಕವಾಗಿ ಎಣಿಸಿತ್ತು. ಇದೇ 'ಯಹೂದಿ ಗಣತಿ'.

ಗಣತಿಗೆ ಕಾರಣವೇನು?

1914ರಲ್ಲಿ ಯುದ್ಧ ಆರಂಭವಾದಾಗ ಯಹೂದಿಗಳೂ ಉತ್ಸಾಹದಿಂದಲೇ ಸೇನೆ ಸೇರಿದರು. ಸಂಸದ ಲುಡ್ವಿಗ್ ಫ್ರಾಂಕ್ ಸ್ವಯಂಪ್ರೇರಣೆಯಿಂದ ಯುದ್ಧಕ್ಕೆ ಹೋಗಿ, ಅದೇ ವರ್ಷ ಸೆಪ್ಟೆಂಬರ್ 3ರಂದು ಪ್ರಾಣ ಕಳೆದುಕೊಂಡರು.

1916ರ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ವರ್ಡನ್ ಮತ್ತು ಸೋಮ್ ಕದನಗಳಲ್ಲಿ ಲಕ್ಷಾಂತರ ಸೈನಿಕರು ಸತ್ತು ಗಾಯಗೊಂಡಿದ್ದರು. ಊರುಗಳಲ್ಲಿ ಆಹಾರದ ಕೊರತೆ. ಗೆಲುವಿನ ಸುಳಿವಿಲ್ಲ. 'ಯಹೂದಿಗಳು ಯುದ್ಧಭೂಮಿಗೆ ಹೋಗದೆ ಕಚೇರಿಗಳಲ್ಲಿ ಸುರಕ್ಷಿತವಾಗಿದ್ದಾರೆ' ಎಂಬ ದೂರುಗಳು ಯುದ್ಧ ಸಚಿವಾಲಯಕ್ಕೆ ಬರತೊಡಗಿದವು. ದೂರು ನಿಜವೇ ಎಂದು ನೋಡಲು ಸಚಿವ ವೈಲ್ಡ್ ಫಾನ್ ಹೋಹೆನ್‌ಬಾರ್ನ್ ಅಕ್ಟೋಬರ್ 11ರಂದು ಗಣತಿಗೆ ಆದೇಶಿಸಿದರು. ನವೆಂಬರ್ 1ರಂದು ಎಣಿಕೆ ನಡೆಯಿತು.

ಬಚ್ಚಿಟ್ಟ ಫಲಿತಾಂಶ

ಯುದ್ಧ ಮುಗಿಯುವವರೆಗೂ ಸರ್ಕಾರ ಫಲಿತಾಂಶ ಪ್ರಕಟಿಸಲಿಲ್ಲ. ಇದೇ ದೊಡ್ಡ ಹಾನಿ ಮಾಡಿತು. 'ಸತ್ಯ ಹೊರಬರಬಾರದೆಂದೇ ಮುಚ್ಚಿಟ್ಟಿದ್ದಾರೆ' ಎಂಬ ವದಂತಿಗೆ ರೆಕ್ಕೆಪುಕ್ಕ ಬಂತು. ಯುದ್ಧಾನಂತರ ಯಹೂದಿ ವಿರೋಧಿಗಳ ಕೈಸೇರಿದ ಅಂಕಿಅಂಶಗಳು ಪುಸ್ತಕವಾಗಿಯೂ ಬಂದವು. ಆ ಲೆಕ್ಕಾಚಾರವೇ ದೋಷಪೂರ್ಣ ಎಂದು ಸಮಾಜಶಾಸ್ತ್ರಜ್ಞ ಫ್ರಾಂಜ್ ಓಪನ್‌ಹೈಮರ್ 1922ರಲ್ಲಿ ವಾದಿಸಿದರಾದರೂ ಅಷ್ಟರಲ್ಲಿ ಸುಳ್ಳು ಊರೆಲ್ಲ ಸುತ್ತಿಯಾಗಿತ್ತು.

ವಾಸ್ತವ ಏನಿತ್ತು? ಜರ್ಮನಿಯಲ್ಲಿದ್ದ ಸುಮಾರು 5.5 ಲಕ್ಷ ಯಹೂದಿಗಳಲ್ಲಿ ಸುಮಾರು 1 ಲಕ್ಷ ಮಂದಿ ಸೇನೆಯಲ್ಲಿದ್ದರು. ಸುಮಾರು 12,000 ಮಂದಿ ಮಡಿದರು. ಯಹೂದಿ ಮಾಜಿ ಯೋಧರ ಸಂಘ 1932ರಲ್ಲಿ ಮಡಿದವರ ಸ್ಮರಣೆಗೆ ಹೊರತಂದ ಗ್ರಂಥದಲ್ಲಿ 10,000ಕ್ಕೂ ಹೆಚ್ಚು ಹೆಸರುಗಳಿವೆ.

ಪದಕವೂ ಉಳಿಸಲಿಲ್ಲ

1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ತಂದಾಗ, ಯುದ್ಧಭೂಮಿಯಲ್ಲಿ ಹೋರಾಡಿದವರಿಗೆ ವಿನಾಯಿತಿ ಇತ್ತು. 1935ರಲ್ಲಿ ಅದೂ ರದ್ದಾಯಿತು. ದೇಶಕ್ಕಾಗಿ ಹೋರಾಡಿ ಪದಕ ಪಡೆದಿದ್ದ ಅನೇಕರನ್ನು ಮುಂದೆ ಟೆರೆಜಿನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಲಾಯಿತು.

ಗಣತಿಯಲ್ಲಿ ಯಾರನ್ನೂ ಕೊಲ್ಲಲಿಲ್ಲ, ಬಂಧಿಸಲಿಲ್ಲ. ಹಾಗಾಗಿಯೇ ಇತಿಹಾಸದ ಪಾಠಗಳಲ್ಲಿ ಇದರ ಪ್ರಸ್ತಾಪ ಕಡಿಮೆ. ಆದರೆ ಒಂದು ಸಮುದಾಯವನ್ನು ಮಾತ್ರ ಎಣಿಸಲು ಹೊರಟಾಗಲೇ, 'ಇವರ ಮೇಲೆ ನಮಗೆ ಅನುಮಾನವಿದೆ' ಎಂದು ಸರ್ಕಾರವೇ ಸಾರಿದಂತಾಗಿತ್ತು. ಬೀದಿಯ ಗುಸುಗುಸುವಿಗೆ ಸರ್ಕಾರದ ಮುದ್ರೆ ಬಿದ್ದಿತ್ತು.